ಗ್ಯಾಪ್ ಯಾಕೆ ಅಂತ ಕೇಳುವವರಿಗೆ

ಮಾನ್ಯರೇ,

ಕ್ಯಾಂಪಸ್ ಸೆಲೆಕ್ಷನ್ ಕಾಲ ಬಂತೆಂದರೆ ಪತ್ರಿಕೆಗಳಲ್ಲಿ ಇಷ್ಟು ಲಕ್ಷದ ಪ್ಯಾಕೇಜು ಅಂತ ಹಾರ ಹಾಕಿಸಿಕೊಂಡ ಹುಡುಗರ ಫೋಟೋ ಬರುತ್ತದೆ. ಬರಲಿ, ಸಂತೋಷವೇ. ಆ ದಿನ ಓದಿನಲ್ಲಿ ಗ್ಯಾಪ್ ಇದೆ ಅಂತ ಹಾಲ್ ಬಾಗಿಲಲ್ಲೇ ವಾಪಸ್ ಕಳಿಸಿಕೊಂಡವರ ಕಡೆಯಿಂದ ಈ ಪತ್ರ.

ನಾನು ಅರಸೀಕೆರೆ ತಾಲ್ಲೂಕಿನವನು, ಕ್ರಿಕೆಟ್ ಹುಚ್ಚು ಜಾಸ್ತಿ. ಜಾವಗಲ್ ನಮ್ಮೂರಿಗೆ ಹತ್ತಿರ. ಹಾಗಾಗಿ ನಮ್ಮನೆಯಲ್ಲಿ ಜಾವಗಲ್ ಶ್ರೀನಾಥ್ ಅಂದರೆ ಬರೀ ಬೌಲರ್ ಅಲ್ಲ, ಮೈಸೂರಲ್ಲಿ ಇಂಜಿನಿಯರಿಂಗ್ ಮುಗಿಸಿದವರೂ ಹೌದು. ನಾನೂ ಮೈಸೂರಿಗೇ ಓದೋಕೆ ಹೋದೆ, ಬೇರೆ ಕಾಲೇಜು. 2022ರಲ್ಲಿ ಎರಡನೇ ವರ್ಷ ಮುಗಿಯುವಾಗ ಐದು ಸಬ್ಜೆಕ್ಟ್ ಉಳಿದವು, ಇಯರ್ ಬ್ಯಾಕ್ ಆಯಿತು, ಅಂದರೆ ಮೂರನೇ ವರ್ಷಕ್ಕೆ ಹೋಗದೆ ಒಂದು ವರ್ಷ ನಿಲ್ಲಬೇಕಾಯಿತು. ಅಪ್ಪ ಒಂದೇ ಮಾತು ಹೇಳಿದರು. "ಶ್ರೀನಾಥು ಇಂಜಿನಿಯರಿಂಗೂ ಮಾಡ್ದ, ಬೌಲಿಂಗೂ ಮಾಡ್ದ. ನೀನು ಅವನ ಬೌಲಿಂಗ್ ನೋಡ್ಕೊಂಡು ಇಂಜಿನಿಯರಿಂಗ್ ಬಿಟ್ಟೆ." ಆಮೇಲೆ ಮಾತೇ ನಿಂತಿತು.

ಮ್ಯಾಚ್ ನೋಡಿ ನಾನು ಫೇಲ್ ಆಗಿದ್ದಲ್ಲ. ಆ ವರ್ಷ ಮ್ಯಾಚನ್ನೂ ಸರಿಯಾಗಿ ನೋಡಿರಲಿಲ್ಲ. ಬೆಳಗ್ಗೆ ಏಳೋಕೆ ಆಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಪುಸ್ತಕ ತೆಗೆದರೆ ಒಂದೇ ಸಾಲನ್ನು ಅರ್ಧ ಗಂಟೆ ಓದುತ್ತಿದ್ದೆ. ಕಾಲೇಜಲ್ಲಿ ಕೌನ್ಸೆಲಿಂಗ್ ಅಂತ ಬೋರ್ಡ್ ಹಾಕಿದ ರೂಮಿತ್ತು. ಮೂರು ಸಲ ಹೋದೆ, ಮೂರು ಸಲವೂ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಹಳೇ ಬ್ಲೂ ಬುಕ್, ಅಂದರೆ ಕಾಲೇಜು ಟೆಸ್ಟ್‌ನ ಉತ್ತರ ಪುಸ್ತಕಗಳ ಬಂಡಲ್‌ಗಳು.

ಊರಲ್ಲಿ ಕೊಬ್ಬರಿ ಕೆಲಸಕ್ಕೆ ನಿಂತೆ. ಅದೇ ಆಗಸ್ಟ್‌ನಲ್ಲಿ ವಿರಾಟ್ ಕೊಹ್ಲಿ ಟಿವಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಹತ್ತು ವರ್ಷದಲ್ಲಿ ಮೊದಲ ಸಲ ಒಂದು ತಿಂಗಳು ಬ್ಯಾಟ್ ಮುಟ್ಟಲಿಲ್ಲ, ಇಲ್ಲದ ಹುರುಪನ್ನು ಇದೆ ಅಂತ ತೋರಿಸಿಕೊಳ್ಳುತ್ತಿದ್ದೆ, ಮನಸ್ಸು ಕುಗ್ಗಿತ್ತು ಅಂತ. ನನಗೆ ಮೈ ಜುಮ್ಮೆಂದಿತು. ಅಮ್ಮನ ಫೋನ್ ಬಂದಾಗಲೆಲ್ಲ "ಓದ್ತಾ ಇದೀನಮ್ಮ" ಅಂತ ನಾನೂ ಅದನ್ನೇ ಮಾಡಿದ್ದೆ, ಅಲ್ವಾ?

ತಮಾಷೆ ಏನೆಂದರೆ, ಟೀ ಅಂಗಡಿಯಲ್ಲಿ ಯಾರೋ ಕೊಹ್ಲಿ ಕಥೆ ಮುಗೀತು ಅಂದರೆ ಅಪ್ಪ ಜಗಳಕ್ಕೇ ಹೋಗುತ್ತಿದ್ದರು. "ಫಾರ್ಮ್ ಹೋಗಿದೆ ಅಷ್ಟೇ ಕಣ್ರೀ, ಬರ್ತಾನೆ ಬಿಡ್ರಿ." ನಾನು ಪಕ್ಕದ ಬೆಂಚಲ್ಲೇ ಕೂತಿರುತ್ತಿದ್ದೆ.

ಅಕ್ಟೋಬರ್ 23, ನೀರು ತುಂಬುವ ಹಬ್ಬ. ಅಮ್ಮ ಹಿತ್ತಲಲ್ಲಿ ಹಂಡೆ ಉಜ್ಜುತ್ತಿದ್ದರು. ಮೆಲ್ಬರ್ನ್‌ನಲ್ಲಿ ಪಾಕಿಸ್ತಾನದ ಮೇಲೆ ಗೆಲ್ಲೋಕೆ 160 ರನ್ ಬೇಕಿತ್ತು, 31 ರನ್ನಿಗೆ 4 ವಿಕೆಟ್ ಹೋಗಿತ್ತು. ಅಪ್ಪ ಕುರ್ಚಿಯಲ್ಲಿ, ನಾನು ಬಾಗಿಲ ಹತ್ತಿರ ನಿಂತು. 8 ಬಾಲಿಗೆ 28 ಬೇಕಿದ್ದಾಗ ಹ್ಯಾರಿಸ್ ರೌಫ್ ಬಾಲನ್ನು ಕೊಹ್ಲಿ ಹಿಂದೆ ಸರಿದು ನಿಂತಲ್ಲಿಂದಲೇ ನೇರಕ್ಕೆ ಸಿಕ್ಸ್ ಎತ್ತಿದರಲ್ಲ, ಆಗ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು. ಯಾವಾಗ ಹಿಡಿದರೋ, ನಾನು ಯಾವಾಗ ಪಕ್ಕ ಬಂದೆನೋ, ಇಬ್ಬರಿಗೂ ಗೊತ್ತಿಲ್ಲ. ಕೊನೇ ಬಾಲಿಗೆ ಅಶ್ವಿನ್ ಗೆಲ್ಲಿಸಿದರು. ಕೊಹ್ಲಿ 82, ಔಟಾಗಲಿಲ್ಲ. ಟಿವಿ ಆರಿಸಿ ಅಪ್ಪ ಕೇಳಿದರು, "ಎಕ್ಸಾಮ್ ಫೀಸು ಎಷ್ಟು ಕಟ್ಟಬೇಕು?"

ಸಿಕ್ಸಿಂದ ಎಲ್ಲ ಸರಿಹೋಯಿತು ಅಂತಲ್ಲ. ಮುಂದಿನ ವರ್ಷ ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಹಾಗೇ ಆಯಿತು. ಗೆಳೆಯ ಕೊಟ್ಟ 14416, ಅಂದರೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಮಾರ್ಕ್ಸ್ ಎಷ್ಟು ಅಂತ ಕೇಳಲಿಲ್ಲ, ರಾತ್ರಿ ನಿದ್ದೆ ಬರುತ್ತಿದೆಯಾ ಅಂದರು. ನಾನು ಅತ್ತುಬಿಟ್ಟೆ, ನಾಚಿಕೆ ಏನಿಲ್ಲ. ಆಮೇಲೆ ಡಾಕ್ಟರ ಹತ್ತಿರವೂ ಹೋದೆ.

ಐದೂ ಸಬ್ಜೆಕ್ಟ್ ಪಾಸಾಯಿತು, 2025ರಲ್ಲಿ ಡಿಗ್ರಿಯೂ ಬಂತು. ಕ್ಯಾಂಪಸ್‌ಗೆ ಬಂದ ಮುಕ್ಕಾಲು ಪಾಲು ಕಂಪನಿಗಳ ಫಾರ್ಮಲ್ಲಿ ಮಾತ್ರ ಒಂದೇ ಸಾಲು: ಓದಿನಲ್ಲಿ ಗ್ಯಾಪ್ ಇರಬಾರದು. ಟೆಸ್ಟ್ ಬರೆಯೋಕೂ ಬಿಡಲಿಲ್ಲ. ಒಂದು ಕಡೆ ಬಿಟ್ಟರು, ಅಲ್ಲಿ "ಗ್ಯಾಪ್ ಯಾಕೆ?" ಅಂದರು. ಹುಷಾರಿರಲಿಲ್ಲ ಅಂದೆ. ಜಾಂಡೀಸಾ ಅಂತ ಕೇಳಿದರು. ಹೌದು ಸರ್ ಅಂದುಬಿಟ್ಟೆ. ಈಗಲೂ ಆ ಸುಳ್ಳು ಚುಚ್ಚುತ್ತದೆ.

ಸ್ಪಿನ್ ಬೌಲರ್ ಇ.ಎ.ಎಸ್. ಪ್ರಸನ್ನ ಅವರಿಂದ ಈ ಫಾರ್ಮ್ ತುಂಬಿಸಿದ್ದರೆ ಏನಾಗುತ್ತಿತ್ತೋ. 1962ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಆಡಿ ಬಂದವರು ಆಟ ಬಿಟ್ಟು ಮೈಸೂರಲ್ಲಿ ಇಂಜಿನಿಯರಿಂಗ್ ಮುಗಿಸಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಸುಮಾರು ಐದು ವರ್ಷ ಗ್ಯಾಪ್! ಅವರ 49 ಟೆಸ್ಟ್‌ಗಳಲ್ಲಿ 47 ಆಮೇಲೆ ಆಡಿದ್ದು. ಒಟ್ಟು 189 ವಿಕೆಟ್. ಅವರು ಓದಿಗಾಗಿ ಆಟ ಬಿಟ್ಟವರು, ನಾನು ಸುಮ್ನೆ ಮಲಗಿದ್ದವನು, ಹೋಲಿಕೆ ಅತಿಯಾಯಿತು ಅನ್ನಿಸಿದರೆ ಒಪ್ಪುತ್ತೇನೆ. ಆದರೆ ವಾಪಸ್ ಬಂದವರಿಗೆ ಬಾಲ್ ಕೊಟ್ಟು ನೋಡಿದರಲ್ಲ, ನಾನು ಕೇಳುತ್ತಿರುವುದೂ ಅಷ್ಟೇ.

ಕಾಲೇಜಿನವರು ಕಂಪನಿಗಳ ಜೊತೆ ಮಾತಾಡಿ ಆ ಒಂದು ಸಾಲು ತೆಗೆಸಲಿ. ಟೆಸ್ಟ್ ಬರೆಯಲು ಬಿಡಿ, ಬರದಿದ್ದರೆ ಫೇಲ್ ಮಾಡಿ. ಹಾಗೇ ಆ ರೂಮಿನ ಬೀಗವನ್ನೂ ತೆಗೆಯಿರಿ.

ನಾನೀಗ ಪೀಣ್ಯದಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಜಾಂಡೀಸ್ ಕಥೆ ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ದಿನಾ ಈ ಪತ್ರಿಕೆ ಓದುತ್ತಾರೆ, ಅದಕ್ಕೇ ಹೆಸರು ಬರೆದಿಲ್ಲ.

— ಅರಸೀಕೆರೆ ತಾಲ್ಲೂಕಿನ ಓದುಗ, ಸದ್ಯ ಬೆಂಗಳೂರು