ನಮ್ಮನೆ ಹಾಜರಿ ಪುಸ್ತಕಕ್ಕೆ ಸಾವಿರ ದಿನ

ನಿನ್ನೆ ಬೆಳಗ್ಗೆ ಊಟದ ಮೇಜಿನ ಮೇಲೆ ಹಾಜರಿ ಪುಸ್ತಕ ಬಿಚ್ಚಿದಾಗ ಅಕ್ಕ ಪುಟದ ಮೂಲೆಯಲ್ಲಿ 1000 ಅಂತ ಬರೆದರು. ಅಕ್ಕ ಅಂದರೆ ಒಡಹುಟ್ಟಿದವರಲ್ಲ, ಮರೆವಿನ ಕಾಯಿಲೆಯ ನಮ್ಮಪ್ಪನನ್ನು ನೋಡಿಕೊಳ್ಳಲು ಕೆಲಸಕ್ಕೆ ಬಂದವರು. ನನಗೆ ಲೆಕ್ಕವೇ ಇರಲಿಲ್ಲ. ದಿನಕ್ಕೊಂದು ಪುಟ, ಇನ್ನೂರು ಪುಟದ ಐದು ಪುಸ್ತಕ ಮುಗಿದಿವೆ. 2022ರ ಮಾರ್ಚ್‌ನಲ್ಲಿ ಶುರು ಮಾಡಿದ್ದು, ಈಗ 2024ರ ಡಿಸೆಂಬರ್. ಹಬ್ಬ ಇಲ್ಲ, ಭಾನುವಾರ ಇಲ್ಲ, ಒಂದು ದಿನವೂ ತಪ್ಪಿಲ್ಲ. ಯಾರ್ಯಾರಿಗೋ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ. ಇವತ್ತು ಕೂತು ಬರೆದೇ ಬಿಡೋಣ ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಪ್ಪ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ 36 ವರ್ಷ ರೈಟರ್ ಆಗಿದ್ದರು. ರೈಟರ್ ಅಂದರೆ ಕತೆ ಬರೆಯೋರಲ್ಲ, ತೋಟದ ಲೆಕ್ಕ ಬರೆಯೋರು. ಮಲೆನಾಡಿನವರಿಗೆ ಹೇಳಬೇಕಿಲ್ಲ, ಬಯಲುಸೀಮೆಯ ಕಡೂರು ಕಡೆಯವರಿಗಾಗಿ ಹೇಳಿದೆ. ಬೆಳಗ್ಗೆ ಆಳುಗಳ ಹಾಜರಿ. ಆಮೇಲೆ ಮಳೆ ಎಷ್ಟು ಇಂಚು, ಎಷ್ಟು ಸೆಂಟು ಅಂತ ಅಳೆದು ಬರೆಯುವುದು. ಸಂಜೆ ಕೊಯ್ದ ಹಣ್ಣಿನ ತೂಕ. ವಾರಕ್ಕೊಮ್ಮೆ ಬಟವಾಡೆ, ಅಂದರೆ ಆಳುಗಳಿಗೆ ಕೂಲಿ ಕೊಡುವುದು. ಅಂಥವರು ಒಂದು ತಿಂಗಳು ಹಾಲಿನವನಿಗೆ ಮೂರು ಸಲ ದುಡ್ಡು ಕೊಟ್ಟರು. ಮೂರನೇ ಸಲ ಅವನೇ ಬಂದು ವಾಪಸ್ ಕೊಟ್ಟು, 'ಯಜಮಾನರು ಯಾಕೋ ಮೊದಲಿನ ಹಾಗಿಲ್ಲ ಮೇಡಂ' ಅಂದ. ಮೊದಲ ಥ್ಯಾಂಕ್ಸ್ ಅವನಿಗೆ. ಮನೆಯಲ್ಲೇ ಇದ್ದ ನಮಗೆ ಕಾಣದ್ದು ಅವನಿಗೆ ಕಂಡಿತು.

ಉಳಿದವರೆಲ್ಲ ಹೇಳಿದ್ದು ಒಂದೇ ಮಾತು: ಅರಳು ಮರಳು, ವಯಸ್ಸಾದ ಮೇಲೆ ಇದ್ದದ್ದೇ. ನಾನೂ ಒಂದು ವರ್ಷ ಹಾಗೇ ನಂಬಿಕೊಂಡಿದ್ದೆ. ಕೊನೆಗೆ ತಮ್ಮ ಹಟ ಹಿಡಿದು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದ. ರಕ್ತ ಪರೀಕ್ಷೆ ಮಾಡಿಸಿದರು. ಬಿ12 ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಮರೆವು ಬರುತ್ತಂತೆ, ಅದಾದರೆ ವಾಸಿ ಮಾಡಬಹುದಂತೆ. ಅದು ಯಾವುದೂ ಇರಲಿಲ್ಲ. ಸ್ಕ್ಯಾನ್ ಆಯಿತು. ಒಂದು ಹಾಳೆ ಕೊಟ್ಟು, ಗಡಿಯಾರ ಬರೆದು ಹತ್ತು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ಅಪ್ಪ ವೃತ್ತ ಎಷ್ಟು ಚೆನ್ನಾಗಿ ಬರೆದರು ಅಂತೀರಿ! ಹನ್ನೆರಡು ಅಂಕಿಯನ್ನೂ ಅದರ ಬಲಗಡೆಯೇ ತುಂಬಿಸಿಟ್ಟರು, ಲೆಡ್ಜರ್‌ನಲ್ಲಿ ಸಾಲಾಗಿ ಬರೆದ ಹಾಗೆ. ಮುಳ್ಳು ಹಾಕೋದನ್ನು ಮರೆತರು. ಅಲ್ಝೈಮರ್ಸ್ ಅಂತ ಗೊತ್ತಾಗಿದ್ದು ಅವತ್ತು. ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟು, ಇದು ಕಾಯಿಲೆ ವಾಸಿ ಮಾಡಲ್ಲ, ಸ್ವಲ್ಪ ಕಾಲ ಹಿಡಿದು ನಿಲ್ಲಿಸಬಹುದು ಅಷ್ಟೇ ಅಂತ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಆ ನೇರ ಮಾತಿಗೂ ಋಣಿ. ಸುಳ್ಳು ಭರವಸೆ ಕೊಟ್ಟಿದ್ದರೆ ಇನ್ನೆಲ್ಲೆಲ್ಲಿ ಅಲೆಯುತ್ತಿದ್ದೆನೋ. ಆಗ ಈ ಕಷ್ಟ ನಮ್ಮೊಬ್ಬರದ್ದೇ ಅನ್ಕೊಂಡಿದ್ದೆ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಜನಕ್ಕಿಂತ ಜಾಸ್ತಿ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ (ಅಲ್ಝೈಮರ್ಸ್ ಥರದ ಮರೆವಿನ ಕಾಯಿಲೆಗಳಿಗೆಲ್ಲ ಒಟ್ಟು ಹೆಸರು) ಇದೆ ಅಂತ 2023ರಲ್ಲಿ ಬಂದ ಅಧ್ಯಯನವೊಂದು ಹೇಳುತ್ತದೆ. ನಮ್ಮ ಬೀದಿಯಲ್ಲೇ ಇನ್ನೆರಡು ಮನೆ ಇತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ, ನಾನೂ ಸೇರಿ.

ಆಮೇಲಿನ ಒಂದೂವರೆ ವರ್ಷ ನಾನೇ ನೋಡಿಕೊಂಡೆ. ಸಂಜೆ ಐದಾಯಿತೆಂದರೆ ಅಪ್ಪ ಜರ್ಕಿನ್ ಹಾಕಿಕೊಂಡು, ಟೋಪಿ ಇಟ್ಟು, ಛತ್ರಿ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. 'ಬಟವಾಡೆ ಮಾಡ್ಬೇಕು, ಆಳುಗಳು ಕಾಯ್ತಾ ಇದಾರೆ.' ನಾನು, 'ಅಪ್ಪಾ, ನೀವು ರಿಟೈರ್ ಆಗಿ ಹದಿನಾರು ವರ್ಷ ಆಯ್ತು' ಅನ್ನುತ್ತಿದ್ದೆ. ನಿಜ ಹೇಳಿದರೆ ಒಪ್ಪಿಕೊಳ್ತಾರೆ ಅಂತ. ಪ್ರತಿ ಸಂಜೆ ಅದೇ ನಿಜ, ಪ್ರತಿ ಸಂಜೆ ಅದೇ ಜಗಳ. ಒಂದು ದಿನ ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಗೇಟು ತೆರೆದಿತ್ತು. ಮೂರು ಗಂಟೆ ಹುಡುಕಿದೆವು. ಬಾಳೆಹೊನ್ನೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ಕಂಡಕ್ಟರ್ ಟಿಕೆಟ್ ಕೇಳಿದ್ದಕ್ಕೆ, 'ತೋಟದ ಲೆಕ್ಕಕ್ಕೆ ಬರ್ಕೋ' ಅಂದರಂತೆ. ಆ ಪುಣ್ಯಾತ್ಮ ನಗಲಿಲ್ಲ, ಇಳಿಸಲಿಲ್ಲ. ವಾಪಸ್ ಬರುವ ಬಸ್ಸಿಗೆ ಹತ್ತಿಸಿ, ಅಲ್ಲಿಯ ಕಂಡಕ್ಟರಿಗೆ ಹೇಳಿ ಕಳಿಸಿದ. ಅವನ ಹೆಸರೂ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಎರಡು ಸಲ ಅಳಿಸಿದೆ. ಒಂದು ರಾತ್ರಿ ನಾಲ್ಕನೇ ಸಲ ಎಬ್ಬಿಸಿದಾಗ ಅಪ್ಪನ ಕೈ ಮೇಲೆ ಹೊಡೆದೆ. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡು, 'ತಪ್ಪಾಯ್ತು ಅಮ್ಮ' ಅಂದರು. ಅವರ ಅಮ್ಮ ಅನ್ಕೊಂಡಿದ್ದರು. ಬೆಳಗಾಗುತ್ತಿದ್ದಂತೆ ತಮ್ಮನಿಗೆ ಫೋನ್ ಮಾಡಿ, ಜನ ಬೇಕು, ದುಡ್ಡು ಕಳಿಸು ಅಂದೆ.

ಮೊದಲು ಬಂದವರು ಹನ್ನೊಂದು ದಿನ ಇದ್ದರು. ಯಾವ ಏಜೆನ್ಸಿ ಅಂತ ಹೇಳಲ್ಲ. ಅಪ್ಪ ಹಗಲೆಲ್ಲಾ ನಿದ್ದೆ ಮಾಡ್ತಿದ್ದರು, ಅಬ್ಬಾ ಶಾಂತವಾದರು ಅಂತ ನಾನು ಖುಷಿಪಟ್ಟೆ. ಆಮೇಲೆ ನೋಡಿದರೆ ಡಾಕ್ಟರು ರಾತ್ರಿಗೆ ಅಂತ ಕೊಟ್ಟ ಮಾತ್ರೆ ಬೆಳಗ್ಗೆಯೂ ಬೀಳುತ್ತಿತ್ತು. ಎರಡನೆಯವರು ಒಳ್ಳೆಯವರೇ, ಕೆಲಸ ಗೊತ್ತಿರಲಿಲ್ಲ ಅಷ್ಟೇ. ಮೂರನೆಯವರೇ ಅಕ್ಕ.

ಅಕ್ಕನ ಬಗ್ಗೆ ಜನ ಹೇಳುವ ಒಂದು ಮಾತು ನನಗೆ ಹಿಡಿಸಲ್ಲ. 'ಸ್ವಂತ ಮಗಳ ಥರ ನೋಡ್ಕೊಳ್ತಾರೆ.' ಹೊಗಳಿಕೆ ಅಂತಲೇ ಹೇಳ್ತಾರೆ, ಗೊತ್ತು. ಆದರೆ ಮಗಳ ಥರ ನೋಡಿಕೊಂಡಿದ್ದು ನಾನು, ಅದರಿಂದ ಏನಾಯಿತು ಅಂತ ಮೇಲೆ ಬರೆದಿದ್ದೇನೆ. ಅಕ್ಕ ಕಸುಬು ಕಲಿತವರ ಥರ ನೋಡಿಕೊಂಡರು. ನಾನು ಕೈಮುಗಿಯುವುದು ಅದಕ್ಕೆ.

ಬಂದ ದಿನ ಅವರು ಅಪ್ಪನನ್ನು ಏನೂ ಕೇಳಲಿಲ್ಲ. 'ನಾನ್ಯಾರು ಹೇಳಿ ನೋಡೋಣ' ಅಂತ ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಅವರ ಬಾಯಲ್ಲಿ ಬರಲೇ ಇಲ್ಲ. ಒಂದು ಚಿಕ್ಕ ಸ್ಟೂಲ್ ಎಳೆದು ಅಪ್ಪನ ಮುಖಕ್ಕೆ ಎದುರಾಗಿ, ಅವರಿಗಿಂತ ತಗ್ಗಿನಲ್ಲಿ ಕೂತರು. ಕೇಳಿದ್ದೆಲ್ಲ ನನ್ನನ್ನು. ಏನು ಕೆಲಸ ಮಾಡ್ತಿದ್ರು, ಜನ ಏನಂತ ಕರೀತಿದ್ರು, ಎಷ್ಟು ಹೊತ್ತಿಗೆ ಏಳ್ತಿದ್ರು, ಎಲೆ ಅಡಿಕೆ ಇತ್ತಾ, ಸ್ನಾನ ಯಾವಾಗ. ಎಲ್ಲ ಬರೆದುಕೊಂಡರು. ಮಾರನೇ ದಿನದಿಂದ ಅಪ್ಪ ಅವರ ಬಾಯಲ್ಲಿ 'ರೈಟ್ರೇ' ಆದರು. ಅಪ್ಪ ಅವರನ್ನು 'ಮೇಸ್ತ್ರಿ' ಅಂದರು, ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವವರನ್ನು ಕರೆಯುವ ಹಾಗೆ.

ಆ ವಾರವೇ ನಮ್ಮೂರಿನ ಎಂ.ಜಿ. ರಸ್ತೆಯ ಅಂಗಡಿಯಿಂದ ಉದ್ದನೆಯ ಪುಸ್ತಕ ತಂದು, ಸ್ಕೇಲ್ ಹಿಡಿದು ಗೆರೆ ಹಾಕಿ, 'ರೈಟ್ರೇ, ಹಾಜರಿ' ಅಂತ ಅಪ್ಪನ ಮುಂದಿಟ್ಟರು. ಅಪ್ಪ ಕನ್ನಡಕ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ಗಂಡಾಳು ಒಂದು ಕಡೆ, ಹೆಣ್ಣಾಳು ಒಂದು ಕಡೆ. ತೋಟದ ಆಳುಗಳ ಲೈನ್ ಮನೆಗಳಲ್ಲಿದ್ದ, ನಾನು ಚಿಕ್ಕವಳಿದ್ದಾಗ ಕೇಳಿದ್ದ ಹೆಸರುಗಳು ಒಂದೊಂದಾಗಿ ಬಂದವು. ಅರ್ಧ ಗಂಟೆ ಬರೆದರು. ಅವತ್ತು ಸಂಜೆ ಐದಕ್ಕೆ ಜರ್ಕಿನ್ ಹಾಕಿಕೊಂಡಾಗ ಅಕ್ಕ, 'ಹಾಜರಿ ಆಗಿದೆ ರೈಟ್ರೇ, ಬಟವಾಡೆ ಶನಿವಾರ' ಅಂದರು. ಅಪ್ಪ 'ಹೌದಲ್ವಾ' ಅಂದು ಛತ್ರಿ ಮಡಚಿ ಇಟ್ಟರು. ಒಂದೂವರೆ ವರ್ಷದ ಜಗಳ ಅವತ್ತಿಗೆ ನಿಂತಿತು ಅಂತಲ್ಲ, ಆದರೆ ಅರ್ಧಕ್ಕಿಂತ ಕಡಿಮೆ ಆಯಿತು. ಶನಿವಾರಕ್ಕೆ ಒಂದು ಬಟ್ಟೆ ಚೀಲದಲ್ಲಿ ಚಿಲ್ಲರೆ ಇಟ್ಟಿರುತ್ತಾರೆ. ಕತ್ತಲಾಗುವ ಮುಂಚೆಯೇ ಮನೆಯ ದೀಪ ಎಲ್ಲ ಹಾಕಿಬಿಡ್ತಾರೆ. ಮಬ್ಬು ಬೆಳಕು, ನೆರಳು ನೋಡಿದರೆ ಇಂಥವರಿಗೆ ಗಾಬರಿ ಜಾಸ್ತಿಯಂತೆ.

ಒಂದೆರಡು ತಿಂಗಳಾದ ಮೇಲೆ ಪುಸ್ತಕದಲ್ಲಿ ನಮ್ಮ ಹೆಸರುಗಳೂ ಬಂದವು. ಮೇಸ್ತ್ರಿಗೆ ಪೂರ್ತಿ ದಿನ. ನನಗೆ ಅರ್ಧ ದಿನ. ಬೆಳಗ್ಗೆ ಹೋಗಿ ಸಂಜೆ ಬರ್ತೀನಲ್ಲ, ಮತ್ತೇನು ಬರೀತಾರೆ!

ಸ್ನಾನದ ಕತೆ ಹೇಳಲೇಬೇಕು, ಯಾಕಂದರೆ ಈ ಕಾಯಿಲೆ ಇರುವ ಮನೆಗಳಲ್ಲಿ ಜಾಸ್ತಿ ರಂಪ ಆಗುವುದು ಅಲ್ಲೇ. ಅಪ್ಪ ಬಚ್ಚಲಿನ ಬಾಗಿಲಲ್ಲೇ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ಅಕ್ಕ ಮೂರು ದಿನ ಸುಮ್ನೆ ನೋಡಿದರು. ಬಾಗಿಲಲ್ಲಿ ಒಂದು ಕಪ್ಪು ಕಾಲೊರೆಸು ಇತ್ತು. ಅದನ್ನು ತೆಗೆಸಿದರು. ಅಪ್ಪನಿಗೆ ಅದು ಗುಂಡಿ ಥರ ಕಾಣುತ್ತಿತ್ತು! ಕಾಲಿಡುವ ಮುಂಚೆ ಬಗ್ಗಿ ಆಳ ನೋಡುತ್ತಿದ್ದರು, ನಾನು ಹಟ ಅನ್ಕೊಂಡಿದ್ದೆ. ಆಮೇಲೆ ಹೊತ್ತು ಬದಲಾಯಿಸಿದರು. ತೋಟದಲ್ಲಿ ಇದ್ದಷ್ಟು ಕಾಲವೂ ಅಪ್ಪ ಸ್ನಾನ ಮಾಡುತ್ತಿದ್ದದ್ದು ಸಂಜೆ, ಕೆಲಸ ಮುಗಿಸಿ ಬಂದು, ಹಂಡೆಯ ಬಿಸಿನೀರಲ್ಲಿ. ನಾನು ಬ್ಯಾಂಕಿಗೆ ಹೋಗುವ ಅವಸರಕ್ಕೆ ಬೆಳಗ್ಗೆ ಏಳಕ್ಕೆ ಎಳೆದುಕೊಂಡು ಹೋಗುತ್ತಿದ್ದೆ. ಮೂರನೆಯದು ನಾಚಿಕೆ. ಮಗಳ ಹೆಸರೇ ಮರೆತುಹೋಗಿತ್ತು, ನಾಚಿಕೆ ಮರೆತಿರಲಿಲ್ಲ. ಹೆಂಗಸರ ಮುಂದೆ ಬಟ್ಟೆ ಬಿಚ್ಚುವುದು ಹೇಗೆ ಅವರು? ಅದಕ್ಕೇ ರಾತ್ರಿ ಪಾಳಿಯ ಹುಡುಗ ಒಂದು ಗಂಟೆ ಮುಂಚೆ ಬರುವ ಹಾಗೆ ಮಾಡಿ, ಸ್ನಾನ ಅವನ ಕೈಗೆ ಕೊಟ್ಟರು. ಹೆಗಲ ಮೇಲೆ ಟವೆಲ್ ಹೊದಿಸಿ, ಮೊದಲು ಪಾದಕ್ಕೆ ನೀರು ಹಾಕಿ, ಚೊಂಬು ಅಪ್ಪನ ಕೈಗೇ ಕೊಡುತ್ತಾನೆ. ಆ ಹುಡುಗನಿಗೆ ಇನ್ನೂ ಇಪ್ಪತ್ತನಾಲ್ಕು. ರಾತ್ರಿ ಅಪ್ಪ ಎದ್ದು ಓಡಾಡಿದರೆ ಇವನೂ ಜೊತೆಗೆ ಓಡಾಡುತ್ತಾನೆ, ಮಲಗಿ ಅಂತ ಗದರಲ್ಲ. ಎರಡು ವರ್ಷದಿಂದ ನಾನು ರಾತ್ರಿ ನಿದ್ದೆ ಮಾಡುತ್ತಿದ್ದರೆ ಅವನಿಂದ.

ಊಟದ್ದೂ ಹಾಗೇ. ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಹಾಕಿದರೆ ಅಪ್ಪ ಖಾಲಿ ತಟ್ಟೆ ಅನ್ನುವ ಹಾಗೆ ನೋಡುತ್ತಾ ಕೂರುತ್ತಿದ್ದರು. ಅಕ್ಕ ಹಿತ್ತಲಿಗೆ ಹೋಗಿ ಬಾಳೆಲೆ ಕೊಯ್ದು ತಂದು ಅದರ ಮೇಲೆ ಬಡಿಸಿದರು. ಹಸಿರಿನ ಮೇಲೆ ಬಿಳಿ ಅನ್ನ ಕಂಡಿತು, ಕೈ ತಾನಾಗಿ ಹೋಯಿತು.

ಹೋದ ವರ್ಷ ಶ್ರಾವಣದಲ್ಲಿ ಎರಡೇ ದಿನದಲ್ಲಿ ಅಪ್ಪ ತೀರಾ ಕೆಟ್ಟುಹೋದರು. ಗೋಡೆ ಮೇಲೆ ಮಂಗ ಇದೆ ಅನ್ನುವುದು, ತೂಕಡಿಸುವುದು, ತೊದಲುವುದು. ಕಾಯಿಲೆ ಕೊನೆಗೆ ಬಂತು ಅಂತ ನೆಂಟರೆಲ್ಲ ನೋಡಿಕೊಂಡು ಹೋದರು. ಅಕ್ಕ ದಿನಚರಿ ಪುಸ್ತಕ ತೋರಿಸಿ, 'ಎರಡು ದಿನದಲ್ಲಿ ಮರೆವು ಹೀಗೆ ಏರಲ್ಲ ಮೇಡಂ. ನೀರು ಕುಡಿದಿದ್ದು ಕಡಿಮೆ ಇದೆ, ಮೂತ್ರ ಪರೀಕ್ಷೆ ಮಾಡಿಸಿ' ಅಂದರು. ಸೋಂಕೇ ಆಗಿತ್ತು. ಔಷಧಿ ಬಿದ್ದು ಹತ್ತು ದಿನಕ್ಕೆ ಅಪ್ಪ ಮತ್ತೆ ಹಾಜರಿಗೆ ಕೂತರು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಪುಸ್ತಕ ಅಕ್ಕನೇ ಬರೆದಿದ್ದರು.

ಉಳಿದವರಿಗೆ ಚುಟುಕಾಗಿ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಗಿಯಲ್ಲ. ತಮ್ಮನಿಗೆ: ದುಡ್ಡು ಕಳಿಸಿದ್ದಕ್ಕಿಂತ, ಫೋನಿನಲ್ಲಿ ಉಪದೇಶ ಮಾಡದೇ ಇದ್ದದ್ದಕ್ಕೆ. ನನ್ನ ಯಜಮಾನರಿಗೆ: ಅಕ್ಕನ ರಜದ ದಿನಗಳಲ್ಲಿ ಗಂಜಿ ಕಾಯಿಸಿದ್ದಕ್ಕೆ, ಅದು ಗಂಟು ಗಂಟಾಗಿದ್ದರೂ. ತಿಂಗಳಿಗೊಮ್ಮೆ ಮನೆಗೇ ಬಂದು ಕೂದಲು ಕತ್ತರಿಸಿ, ಅಪ್ಪ ಹೇಳಿದ ಒಂದೇ ಕತೆಗೆ ಪ್ರತಿ ಸಲ ಹೂಂಗುಟ್ಟುವವರಿಗೆ. ಫೋನಿನಲ್ಲಿ ದಾರಿ ತೋರಿಸಿದ ಹಿರಿಯರ ಸಹಾಯವಾಣಿ 14567ಕ್ಕೆ.

ತೋಟದ ಈಗಿನ ಧಣಿಗೆ ಬೇರೆಯಾಗಿಯೇ ಹೇಳಬೇಕು. ಕಳೆದ ಜನವರಿಯಲ್ಲಿ ಕೊಯ್ಲಿನ ಸಮಯ, ಒಂದು ಸಲ ಅಪ್ಪನನ್ನು ಕರೆದುಕೊಂಡು ಬರಲಾ ಅಂತ ಕೇಳಿದ್ದಕ್ಕೆ ಅವರೇ ಜೀಪು ಕಳಿಸಿದರು. ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತೊಗಟೆ ತೆಗೆದು ತೊಳೆದ ಕಾಫಿ ಬೀಜ, ಹರಡಿತ್ತು. ಅದು ಒಣಗಲು ವಾರ, ಹತ್ತು ದಿನದ ಬಿಸಿಲು ಬೇಕು. ಅಪ್ಪ ಅಕ್ಕನ ಕೈ ಬಿಟ್ಟು ಬಗ್ಗಿದರು. ಒಂದು ಹಿಡಿ ಎತ್ತಿ ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ಒಂದು ಬೀಜ ಹಲ್ಲಿಗೆ ಕೊಟ್ಟು ಕಚ್ಚಿದರು. 'ಇನ್ನೊಂದ್ ಬಿಸಿಲು ಬೇಕು.' ಅಲ್ಲಿದ್ದ ತೋಟದ ಮೇಸ್ತ್ರಿ ತಾನೂ ಒಂದು ಬೀಜ ಕಚ್ಚಿ ನೋಡಿ, 'ಹೌದು ಸ್ವಾಮಿ' ಅಂದರು. ಆ ವಾರ ಪೂರ್ತಿ ಅಪ್ಪ ನನ್ನನ್ನು ಗುರುತು ಹಿಡಿದಿರಲಿಲ್ಲ.

ದುಡ್ಡು ಕೊಟ್ಟು ಅಪ್ಪನನ್ನು ನೋಡಿಸ್ಕೊಳ್ತಿದಾಳೆ ಅಂತ ಮಾತಾಡಿದವರಿಗೂ ಒಂದು ಮಾತು. ಹೌದು, ಕೊಡ್ತೀನಿ. ನನ್ನ ಸಂಬಳದ ಅರ್ಧಕ್ಕಿಂತ ಜಾಸ್ತಿ, ಜೊತೆಗೆ ತಮ್ಮನ ಪಾಲು. ಇಷ್ಟು ಕೊಡಲಾಗದ ಮನೆಗಳ ಗತಿ ಏನು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಕೊಡಬಲ್ಲವರು ದಯವಿಟ್ಟು ಚೌಕಾಶಿ ಮಾಡಬೇಡಿ. ವಾರದ ರಜೆ ಕೊಡಿ, ಮಲಗಲು ಸರಿಯಾದ ಜಾಗ ಕೊಡಿ, ಮನೆ ಒರೆಸು ಪಾತ್ರೆ ತೊಳಿ ಅಂತ ಅವರ ತಲೆಗೆ ಕಟ್ಟಬೇಡಿ. ಅಕ್ಕ ಕೆಲಸಕ್ಕೆ ಸೇರುವಾಗಲೇ ಇದನ್ನು ನನ್ನ ಮುಖಕ್ಕೆ ಹೇಳಿದ್ದರು. ಆಗ ಸಿಟ್ಟು ಬಂದಿತ್ತು.

ಈಗ ಅಪ್ಪ ಹೆಸರು ಬರೆಯಲ್ಲ. ಮಳೆಗಾಲದಿಂದೀಚೆಗೆ ಅಕ್ಷರ ಬಿಟ್ಟುಹೋಗಿದೆ. ಅಕ್ಕ ಹೆಸರು ಬರೆದು ಪೆನ್ನು ಕೈಗಿಟ್ಟರೆ ಪಕ್ಕದಲ್ಲಿ ಒಂದೊಂದು ಗೆರೆ ಎಳೀತಾರೆ. ನಿನ್ನೆಯ ಪುಟದಲ್ಲಿ ನನ್ನ ಹೆಸರಿನ ಮುಂದೆಯೂ ಒಂದು ಗೆರೆ ಇದೆ, ಸ್ವಲ್ಪ ಉದ್ದವೇ. ಅರ್ಧ ದಿನವೋ ಪೂರ್ತಿ ದಿನವೋ ಅಂತ ಅಕ್ಕನನ್ನು ಕೇಳಿದೆ. 'ರೈಟ್ರನ್ನೇ ಕೇಳಿ' ಅಂದರು. ಕೇಳಿದೆ. ಅಪ್ಪ ನಕ್ಕರು.

ಸಂಜೆ ಬ್ಯಾಂಕಿನಿಂದ ಬರುವಾಗ ಎಂ.ಜಿ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಹೊಸ ಪುಸ್ತಕ ತಗೊಂಡೆ. ನೂರು ಪುಟದ್ದೂ ಇತ್ತು. ಅಂಗಡಿಯವರು ಎರಡನ್ನೂ ಮುಂದಿಟ್ಟರು. ಇನ್ನೂರರದ್ದೇ ಕೊಡಿ ಅಂದೆ.