ಮನೆ ಒಕ್ಕಲಾಯಿತು, ಕೆಲವರಿಗೆ ಧನ್ಯವಾದ ಹೇಳುವುದು ಬಾಕಿ ಇದೆ

ಕಳೆದ ಭಾನುವಾರ ನಮ್ಮ ಹೊಸ ಮನೆಯ ಆಶೀರ್ವಾದ ಚೆನ್ನಾಗಿ ಆಯಿತು. ಬಂದವರಿಗೆಲ್ಲ ಊಟ ಸಾಕಾಯಿತು, ಮಳೆಯೂ ಸಂಜೆಯವರೆಗೆ ತಡೆದುಕೊಂಡಿತು. ಬಂದು ಹರಸಿದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ ನಮ್ಮ ಮನೆಯವರೆಲ್ಲರ ವಂದನೆಗಳು. ಆದರೆ ಮುಖ್ಯವಾಗಿ ಯಾರಿಗೆ ಧನ್ಯವಾದ ಹೇಳಬೇಕಿತ್ತೋ ಅವರು ಅವತ್ತು ಬಡಿಸುವುದರಲ್ಲಿ, ಪಾತ್ರೆ ಸಾಗಿಸುವುದರಲ್ಲಿ ಇದ್ದರು. ಮುಂದೆ ಕರೆದು ಶಾಲು ಹೊದೆಸುತ್ತೇವೆ ಅಂದರೆ ಬರುವ ಜನ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಾರವಾರ ತಾಲೂಕಿನಲ್ಲಿ ಕಾಳಿ ನದಿ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ನದಿ ಏರಿದಾಗ ನಮ್ಮ ಹಳೇ ಚಿರೆಕಲ್ಲಿನ ಮನೆಯ ಹಿಂದಿನ ಗೋಡೆ ಕುಸಿಯಿತು. ಚರ್ಚಿನ ಹಾಲ್‌ನಲ್ಲಿ ಉಳಿದೆವು, ಆಮೇಲೆ ಬಾಡಿಗೆ ಮನೆ, ಆಮೇಲೆ ಕೊರೊನಾ. 2021ರ ಜುಲೈನಲ್ಲಿ ಮತ್ತೆ ನೀರು ಬಂತು. ಅದೇ ಜಾಗದಲ್ಲಿ ಕಟ್ಟುವ ಆಸೆ ಅವತ್ತಿಗೆ ಬಿಟ್ಟೆವು. ಎತ್ತರದಲ್ಲಿ ಜಾಗ ನೋಡಿ, ಸಾಲ ಮಾಡಿ, ಮನೆ ಎಬ್ಬಿಸುವ ಹೊತ್ತಿಗೆ ಇಷ್ಟು ವರ್ಷ ಹಿಡಿಯಿತು.

ಮೊದಲು ನಮ್ಮ ಆಗಿನ ಫಾದರ್‌ಗೆ. ಈಗ ಅವರು ಘಟ್ಟದ ಮೇಲಿನ ಚರ್ಚಿಗೆ ವರ್ಗವಾಗಿದ್ದಾರೆ. ಹಾಲ್‌ನಲ್ಲಿ ಹಗಲು ರಾತ್ರಿ ನಿಂತರು, ಗಂಜಿ ಬೇಯಿಸಿದರು, ಅದೆಲ್ಲ ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು ಬೇರೆ ಸಂಗತಿ.

ನಮ್ಮ ಚರ್ಚಿನಲ್ಲಿ ಜಾಸ್ತಿ ಮಂದಿ ಕೊಂಕಣಿಯವರು. ಪೂಜೆ ಕೊಂಕಣಿಯಲ್ಲಿ, ಪೂಜೆ ಮುಗಿದ ಮೇಲಿನ ಪ್ರಕಟಣೆಯೂ ಕೊಂಕಣಿಯಲ್ಲಿ. ಬಯಲುಸೀಮೆಯಿಂದ ಕಟ್ಟಡ ಕೆಲಸಕ್ಕೆ ಬಂದು ನೆಲೆಸಿದ ಕೆಲವು ಕುಟುಂಬಗಳೂ ನಮ್ಮ ಜೊತೆ ಇವೆ. ಅವರ ಮನೆಮಾತು ಕನ್ನಡ. ಅಕ್ಕಿ ಮತ್ತು ಹೊದಿಕೆ ಹಂಚುವ ದಿನ, ಹೊತ್ತು ಎಲ್ಲ ಕೊಂಕಣಿಯಲ್ಲೇ ಹೇಳಿದ್ದರು. ಅವರಲ್ಲಿ ಅರ್ಧ ಜನಕ್ಕೆ ಸುದ್ದಿ ಮುಟ್ಟಲಿಲ್ಲ. ಒಬ್ಬ ಅಕ್ಕ ಪೂಜೆ ಮುಗಿದ ಮೇಲೆ ಮೆಟ್ಟಿಲಲ್ಲೇ ನಿಂತು, ಎಲ್ಲರೆದುರು ಕೇಳಿಬಿಟ್ಟರು: "ಫಾದರ್, ನಾವು ಈ ಚರ್ಚಿನವರು ಹೌದೋ ಅಲ್ವೋ?"

ಸುತ್ತ ಇದ್ದವರ ಮುಖ ನೋಡಬೇಕಿತ್ತು. ಒಬ್ಬ ಹಿರಿಯರು ಅವರನ್ನು ಸುಮ್ಮನಿರಿಸಲು ಹೋದರು. ಫಾದರ್ ತಡೆದರು. "ಅವರು ಕೇಳಿದ್ದು ಸರಿ ಇದೆ, ತಪ್ಪು ನಮ್ಮದು" ಅಂದರು. ಮುಂದಿನ ಪಟ್ಟಿ ಮಾಡುವ ಕೆಲಸವನ್ನು ಅದೇ ಅಕ್ಕನ ಕೈಗೆ ಕೊಟ್ಟರು. ಬರೀ ಅವರ ಕಡೆಯವರ ಪಟ್ಟಿ ಅಲ್ಲ, ಇಡೀ ಊರಿನದು. ನಮ್ಮ ಮನೆಯಲ್ಲಿ ಎಷ್ಟು ಜನ, ಅತ್ತೆಯ ಬಿಪಿ ಮಾತ್ರೆ ಯಾವುದು ಅಂತ ಬರೆದುಕೊಳ್ಳಲು ಅವರೇ ನಮ್ಮ ಚಾಪೆ ಹತ್ತಿರ ಬಂದು ಕೂತರು.

ಬೈಬಲ್ ಓದುವವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸಬಹುದು. ಪ್ರೇಷಿತರ, ಅಂದರೆ ಯೇಸು ಕಳುಹಿಸಿದ ಶಿಷ್ಯರ ಕತೆ ಇರುವ 'ಪ್ರೇಷಿತರ ಕಾರ್ಯಗಳು' ಪುಸ್ತಕದ 6ನೇ ಅಧ್ಯಾಯದಲ್ಲಿ ಹೆಚ್ಚು ಕಡಿಮೆ ಇದೇ ನಡೆದಿದೆ. ಜೆರುಸಲೇಮಿನ ಮೊದಲ ಕ್ರೈಸ್ತರಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಅವರ ಕಡೆಯವರು ಗೊಣಗಿದರು. ಪ್ರೇಷಿತರು ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ನೀವೇ ಆರಿಸಿ ಅಂದರು. ಆರಿಸಿ ಬಂದ ಸ್ತೆಫನ, ಫಿಲಿಪ್ಪ ಮೊದಲಾಗಿ ಏಳೂ ಗ್ರೀಕ್ ಹೆಸರುಗಳೇ. ಅಂದರೆ ದೂರು ಹೇಳಿದವರ ಕಡೆಗೇ ಸೌಟು ಕೊಟ್ಟರು. ಈ ಭಾಗದ ಮೇಲೆ ಪ್ರಸಂಗ ಎಷ್ಟೋ ಸಲ ಕೇಳಿದ್ದೆ. ಆ ಅಕ್ಕ ಪೆನ್ನು ಹಿಡಿದು ಚಾಪೆ ಮೇಲೆ ಕೂತ ದಿನ ಪೂರ್ತಿ ಅರ್ಥವಾಯಿತು.

ನನ್ನ ಮಟ್ಟಿಗೆ ದೇವರು ಮೆಚ್ಚುವ ಮುಂದಾಳಿನ ಗುರುತು ಇದೊಂದೇ: ಅವರನ್ನು ಎದುರಿಗೆ ನಿಂತು ಪ್ರಶ್ನೆ ಕೇಳಬಹುದೋ ಇಲ್ಲವೋ. ಮಾತಿನ ಚಾತುರ್ಯ, ಗಂಭೀರ ದನಿ, ಉದ್ದ ಪ್ರಾರ್ಥನೆ ಎಲ್ಲ ಇದ್ದು, ಕೇಳಿದರೆ ಸಿಟ್ಟು ಬರುವವರನ್ನೂ ಕಂಡಿದ್ದೇನೆ. ಯಾರು ಅಂತ ಕೇಳಬೇಡಿ.

ಎರಡನೇ ಧನ್ಯವಾದ ಹಣಕಾಸು ಸಮಿತಿಯ ಅಂಕಲ್‌ಗೆ. ಬ್ಯಾಂಕಿನಿಂದ ನಿವೃತ್ತರಾದವರು, ಮಾತು ಕಡಿಮೆ. ಪ್ರತಿ ಶನಿವಾರ ಸಂಜೆ ನೋಟಿಸ್ ಬೋರ್ಡಿಗೆ ಒಂದು ಹಾಳೆ ಹಚ್ಚುತ್ತಿದ್ದರು. ಅಕ್ಕಿ, ಬ್ಲೀಚಿಂಗ್ ಪೌಡರ್, ಟೆಂಪೋ ಬಾಡಿಗೆ, ಹಾಲ್‌ನ ಮೋಟಾರ್ ರಿಪೇರಿ, ಒಂದೊಂದೂ ಅದರಲ್ಲಿ ಇರುತ್ತಿತ್ತು. ಒಂದು ಹಾಳೆಯಲ್ಲಿ "ಪೊರಕೆ, ಎರಡು, ಒಂದು ಮುರಿದಿದೆ" ಅಂತ ಇತ್ತು. ನಾವು ನಕ್ಕೆವು. ಆದರೆ ದುಡ್ಡು ಎಲ್ಲಿ ಹೋಯಿತು ಅಂತ ನಮ್ಮಲ್ಲಿ ಒಬ್ಬರೂ ಪಿಸುಗುಟ್ಟಲಿಲ್ಲ. ಪಿಸುಗುಟ್ಟಲು ಜಾಗವೇ ಇರಲಿಲ್ಲ.

ಇದು ಅವರ ದೊಡ್ಡ ಮನಸ್ಸು ಮಾತ್ರ ಅಂದುಕೊಂಡಿದ್ದೆ. ಕೇಳಿದರೆ, "ನಿಯಮವೇ ಹಾಗಿದೆ" ಅಂದರು. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಪ್ರತಿ ಚರ್ಚಿನಲ್ಲೂ ಹಣಕಾಸು ಸಮಿತಿ ಇರಲೇಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕ ಭಕ್ತರಿಗೆ ಒಪ್ಪಿಸಬೇಕು ಅಂತಲೂ ಅದರಲ್ಲಿದೆ. ಪುಸ್ತಕದಲ್ಲಿ ಇರುವುದು ಬೇರೆ, ಬೋರ್ಡಿಗೆ ಬರುವುದು ಬೇರೆ, ಅಲ್ವಾ?

ಬೈಬಲ್‌ನ ಹಳೇ ಒಡಂಬಡಿಕೆಯ ಪ್ರವಾದಿ ಸಮುವೇಲ ವಯಸ್ಸಾದ ಮೇಲೆ ಜನರೆದುರು ನಿಂತು, ನಾನು ಯಾರ ಎತ್ತು ತೆಗೆದುಕೊಂಡಿದ್ದೇನೆ, ಯಾರ ಕತ್ತೆ ತೆಗೆದುಕೊಂಡಿದ್ದೇನೆ, ಯಾರಿಂದ ಲಂಚ ತಿಂದಿದ್ದೇನೆ ಹೇಳಿ ಅಂತ ಕೇಳುತ್ತಾನೆ. ಅಂಕಲ್ ಬಾಯಿಬಿಟ್ಟು ಕೇಳಲಿಲ್ಲ, ಹಾಳೆ ಹಚ್ಚಿದರು. ಅದೇ ಹಳೇ ಒಡಂಬಡಿಕೆಯ ನೆಹೆಮೀಯನನ್ನೂ ನೆನೆಯಬೇಕು. ರಾಜ್ಯಪಾಲನಾಗಿದ್ದ 12 ವರ್ಷವೂ ಆ ಹುದ್ದೆಗೆ ಸಲ್ಲುವ ಊಟದ ಭತ್ಯೆ ಮುಟ್ಟಲಿಲ್ಲ, ಜನರ ಮೇಲೆ ಮೊದಲೇ ಭಾರ ಇದೆ ಅಂತ. ನಮ್ಮ ಸಮಿತಿಯವರು ಹಾಲ್‌ನಲ್ಲಿ ಕುಡಿದ ಚಹಾದ ದುಡ್ಡು ತಾವೇ ಹಾಕುತ್ತಿದ್ದರು. ಇದನ್ನು ಹೇಳಿದ್ದು ಚಹಾ ಅಂಗಡಿಯವನು, ಅವರಲ್ಲ.

ಮೂರನೆಯವರು ಚರ್ಚಿನ ನಮ್ಮ ವಾರ್ಡಿನ ಬಾಯಿ. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತೇವೆ. ಪಕ್ಕದ ಮನೆಯ ಹರಿಕಂತ್ರ ಅಜ್ಜಿ ಮೀನು ಮಾರಿ ಬದುಕು ಸಾಗಿಸುವವರು. ನೀರು ಹೊಸ್ತಿಲಿಗೆ ಬಂದಾಗ ತಮ್ಮ ಬಂಗಾರವನ್ನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಈ ಬಾಯಿ ಕೈಗೆ ಕೊಟ್ಟು ದೋಣಿ ಹತ್ತಿದರು. ರಸೀದಿ ಇಲ್ಲ, ಸಾಕ್ಷಿ ಇಲ್ಲ. ಅಜ್ಜಿಯ ಸ್ವಂತ ಅಳಿಯ ಅಲ್ಲೇ ನಿಂತಿದ್ದ, ಪಾಪ. ಆಮೇಲೆ ಬಾಯಿ ಗಂಟು ವಾಪಸ್ ಕೊಡುವಾಗ ಅಜ್ಜಿಯ ಎದುರೇ ಬಿಚ್ಚಿ, ಎಣಿಸಿ, ಮತ್ತೆ ಕಟ್ಟಿಕೊಟ್ಟರು. ಅಜ್ಜಿ "ಎಣಿಸೋದು ಯಾಕೆ" ಅಂತ ಬೈದರು. ಬೈಬಲ್‌ನಲ್ಲಿ ಪ್ರೇಷಿತ ಪೌಲ ತನ್ನ ಜೊತೆಗಾರ ತಿಮೊಥೇಯನಿಗೆ ಬರೆದ ಮೊದಲನೇ ಪತ್ರದ 3ನೇ ಅಧ್ಯಾಯದಲ್ಲಿ ಸಭೆಯ ಮೇಲ್ವಿಚಾರಕ ಹೇಗಿರಬೇಕು ಅಂತ ದೊಡ್ಡ ಪಟ್ಟಿಯೇ ಇದೆ. ಜಗಳಗಂಟ ಆಗಿರಬಾರದು, ಹಣದಾಸೆ ಇರಬಾರದು, ಅತಿಥಿಗಳನ್ನು ಸತ್ಕರಿಸಬೇಕು ಅಂತೆಲ್ಲ. ಅದರ ಕೊನೆಯಲ್ಲಿ, ಹೊರಗಿನವರಿಂದಲೂ ಒಳ್ಳೆಯ ಹೆಸರು ಪಡೆದಿರಬೇಕು ಅಂತ ಇದೆ. ನಮ್ಮ ಬಾಯಿಗೆ ಆ ಹೆಸರು ಕೊಟ್ಟವರು ಚರ್ಚಿನ ಒಳಗೆ ಒಂದು ದಿನವೂ ಕಾಲಿಡದ ಈ ಅಜ್ಜಿ.

ಗುಡ್ ಫ್ರೈಡೆಯ ಹಿಂದಿನ ದಿನ ಪವಿತ್ರ ಗುರುವಾರ; ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಅವತ್ತು ಫಾದರ್ ಕೆಲವರ ಕಾಲು ತೊಳೆಯುತ್ತಾರೆ. ಕೊರೊನಾದಿಂದಾಗಿ 2020ರಲ್ಲಿ ಆ ವಿಧಿ ಇರಲಿಲ್ಲ. 2022ರಲ್ಲಿ ನಡೆದಾಗ ಫಾದರ್ ಮುಂದಿನ ಬೆಂಚಿನವರನ್ನು ಬಿಟ್ಟು, ಮನೆಮನೆಯ ರಾಡಿ ಎತ್ತಿದವರನ್ನು ಕೂರಿಸಿದರು. ಹೆಂಗಸರೂ ಇದ್ದರು. ಪೋಪ್ ಫ್ರಾನ್ಸಿಸ್ 2016ರಲ್ಲೇ ಅದಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟಿದ್ದರು. ನಮ್ಮ ಬಾಯಿ ಹಿಮ್ಮಡಿ ಒಡೆದಿದೆ ಅಂತ ಕಾಲು ಹಿಂದೆ ಎಳೆದುಕೊಂಡರು. ಫಾದರ್ ಒಡಕಿನ ಮೇಲೆ ನಿಧಾನವಾಗಿ ನೀರು ಬಿಟ್ಟು, ಟವೆಲ್ ಒತ್ತಿ ಒರೆಸಿದರು. ಉಜ್ಜಲಿಲ್ಲ. ಅದನ್ನು ನೋಡಿ ನನ್ನ ಅತ್ತೆ, "ಇವರಿಗೆ ತಾಯಿ ಚೆನ್ನಾಗಿ ಕಲಿಸಿದ್ದಾರೆ" ಅಂದರು.

ಇನ್ನು ದೋಣಿ ತಂದ ಹುಡುಗರು, ಗಂಜಿ ಕಾಯಿಸಿದ ಸಿಸ್ಟರ್‌ಗಳು, ಹಂಚು ಹೊದೆಸುವಾಗ ಕೂಲಿ ಬೇಡ ಅಂದ ಮೇಸ್ತ್ರಿ, ಎಲ್ಲರಿಗೂ ಕೈ ಮುಗಿದೆವು. ಫೋಟೋಗಷ್ಟೇ ಬಂದುಹೋದವರಿಗೂ ಧನ್ಯವಾದ. ಬಿಸ್ಕತ್ತು ಚೆನ್ನಾಗಿತ್ತು.

ಭಾನುವಾರ ಊಟಕ್ಕೆ ತಂದ ದೊಡ್ಡ ಪಾತ್ರೆಗಳಲ್ಲಿ ಎರಡು ಯಾರದ್ದು ಅಂತ ಗೊತ್ತಾಗುತ್ತಿಲ್ಲ. ತೊಳೆದು ಚರ್ಚಿನ ಹಾಲ್‌ನಲ್ಲಿ ಇಟ್ಟಿದ್ದೇವೆ. ನಿಮ್ಮದಾದರೆ ತೆಗೆದುಕೊಂಡು ಹೋಗಿ. ಖರ್ಚಿನ ಹಾಳೆಯನ್ನೂ ಬೋರ್ಡಿಗೆ ಹಚ್ಚಿದ್ದೇನೆ, ಏನಾದರೂ ಬಿಟ್ಟುಹೋಗಿದ್ದರೆ ಕೇಳಿ.