ಮಳೆಗಾಲದಲ್ಲಿ ಪಟ್ಟಣದ ಕೋಟೆಗೆ ಹೊರಟ ಮಗನಿಗೆ

ಮಂಡ್ಯ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಭಾನುವಾರ ಗೆಳೆಯರ ಜೊತೆ ಶ್ರೀರಂಗಪಟ್ಟಣದ ಕೋಟೆ ನೋಡಲು ಹೋಗುತ್ತೀಯಂತೆ. ಮಳೆ ಬೇರೆ ಹಿಡಿದಿದೆ, ನೀನಾದರೂ ಬೇಡ ಅನ್ನು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ನಾನು ಬೇಡ ಅನ್ನುವುದಿಲ್ಲ ಮಗಾ. ಆ ಕೋಟೆಯನ್ನು ಮಳೆಗಾಲದಲ್ಲೇ ನೋಡಬೇಕು.

ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ ಕಾಣುವ ಹೊಳೆ, ಪಕ್ಕದಲ್ಲೊಂದು ಗೋಡೆ, ಅಷ್ಟೇ. ಈಗ ಕಾವೇರಿ ಕೆಂಪಗೆ ತುಂಬಿ ಹರಿಯುವಾಗ ನೋಡು. ಗೋಡೆಯಷ್ಟೇ ಹೊಳೆಯೂ ಟಿಪ್ಪುವಿಗೆ ಕಾವಲಾಗಿತ್ತು ಅಂತ ಯಾರೂ ಹೇಳದೆಯೇ ತಿಳಿಯುತ್ತದೆ. 1799ರಲ್ಲಿ ಮುತ್ತಿಗೆ ಹಾಕಿದ ಇಂಗ್ಲಿಷರಿಗೂ ಇದು ಗೊತ್ತಿತ್ತು. ಹೊಳೆ ಏರುವ ಮೊದಲೇ ಮುಗಿಸಬೇಕು ಅನ್ನುವ ಅವಸರ ಅವರಿಗೆ. ವಾಯವ್ಯ ಮೂಲೆಯ ಗೋಡೆಯನ್ನು ಫಿರಂಗಿಯಿಂದ ಒಡೆದು, ಮೇ 4ರ ಮಧ್ಯಾಹ್ನ ಕಾಲ್ನಡಿಗೆಯಲ್ಲೇ ಹೊಳೆ ದಾಟಿ ನುಗ್ಗಿದರು. ಟಿಪ್ಪು ಪ್ರಾಣ ಬಿಟ್ಟದ್ದು ಅವತ್ತೇ. ಆ ಮೂಲೆಗೆ ತಪ್ಪದೆ ಹೋಗು.

ಆದರೆ ಮಳೆ ಜೋರಾಯಿತು ಅಂತ ಗೋಡೆ ಬುಡಕ್ಕೆ ಒರಗಿ ನಿಲ್ಲಬೇಡ. ನಾನು ಒಮ್ಮೆ ಹಾಗೆ ನಿಂತಿದ್ದೆ. ಮೊದಲು ಕಲ್ಲಿನ ಸಂದಿಯಿಂದ ಕೆಂಪು ನೀರು ಒಸರಿತು. ಆಮೇಲೆ ಚಿಟಿಕೆ ಚಿಟಿಕೆ ಮಣ್ಣು ಭುಜದ ಮೇಲೆ ಉದುರಿತು. ಸೆರಗು ಕೊಡವಿಕೊಳ್ಳಲು ಎರಡು ಹೆಜ್ಜೆ ಈಚೆ ಬಂದೆ, ನಾನು ನಿಂತಿದ್ದ ಜಾಗಕ್ಕೇ ಬೀಸೋಕಲ್ಲಿನಷ್ಟು ದೊಡ್ಡ ಕಲ್ಲು ದೊಪ್ಪನೆ ಬಿತ್ತು. ನಿಮ್ಮಮ್ಮನಿಗೆ ಇವತ್ತಿಗೂ ಇದನ್ನು ಹೇಳಿಲ್ಲ. ಹಳೇ ಗೋಡೆಯೊಳಗೆ ಮಣ್ಣು ತುಂಬಿರುತ್ತದೆ. ಅರಳಿಯ ಬೇರು ಸಂದಿ ಬಿಡಿಸಿರುತ್ತದೆ. ನೀರು ಕುಡಿದ ಮಣ್ಣು ಕಲ್ಲನ್ನು ಹೊರಕ್ಕೆ ದಬ್ಬುತ್ತದೆ. ಮಾರನೇ ದಿನ ಒಳ್ಳೇ ಬಿಸಿಲಿದ್ದಾಗಲೂ ಬೀಳಬಹುದು. ಹೊಟ್ಟೆ ಉಬ್ಬಿದ ಗೋಡೆ ಕಂಡರೆ ದೂರ ಸರಿ. ಗುಡುಗು ಶುರುವಾದರೆ ಕೋಟೆ ಮೇಲಿಂದ ಇಳಿದುಬಿಡು, ರಂಗನಾಥನ ಗುಡಿ ಹತ್ತಿರದಲ್ಲೇ ಇದೆ.

ಹೊಳೆಗೆ ಮಾತ್ರ ಇಳಿಯಲೇಬೇಡ ಕಣೋ. ಪಟ್ಟಣದಲ್ಲಿ ಹನಿ ಬೀಳದಿದ್ದರೂ ಕೊಡಗಿನಲ್ಲಿ ಸುರಿದರೆ ಕನ್ನಂಬಾಡಿ ಕಟ್ಟೆ ತುಂಬುತ್ತದೆ. ನೀರು 124.80 ಅಡಿಯ ಹತ್ತಿರ ಬಂತು ಅಂದರೆ ಗೇಟು ಎತ್ತುತ್ತಾರೆ. ನೀರು ಜಾಸ್ತಿ ಬಿಟ್ಟರೆ ಸ್ನಾನಘಟ್ಟದ ಮೆಟ್ಟಿಲೇ ಕಾಣುವುದಿಲ್ಲ. ಹೊರಡುವ ಮೊದಲು ಎಷ್ಟು ಬಿಟ್ಟಿದ್ದಾರೆ ಅಂತ ವಿಚಾರಿಸು.

ಕಲ್ಲೆಲ್ಲ ಪಾಚಿ ಕಟ್ಟಿರುತ್ತದೆ, ಚಪ್ಪಲಿ ಬೇಡ, ಶೂ ಹಾಕಿಕೋ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೋ. ಬೆಂಗಳೂರಿಗೆ ವಾಪಸ್ ಹೋಗುವಾಗ ಎಲ್ಲರೂ ಮಂಡ್ಯದಲ್ಲಿ ಇಳಿಯಿರಿ. ಮುದ್ದೆ, ಉಪ್ಸಾರು ಮಾಡಿಟ್ಟಿರುತ್ತೇನೆ. ಎಷ್ಟು ಜನ ಅಂತ ಮೊದಲೇ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ